ಸೋಲಲೇಬೇಕಾದ ಕಾಳಗ

ಒಳ್ಳೆಯದನ್ನು ಬಳಸದೆ ಎತ್ತಿಡುವ ಚಟ ನನಗಿದೆ. ಯಾವುದೋ ಮದುವೆಯಲ್ಲಿ ಕೊಟ್ಟ ಗಂಧದ ಸಾಬೂನು ಕಪಾಟಿನಲ್ಲಿ ಸೀರೆಗಳ ನಡುವೆ ಐದಾರು ವರ್ಷ ಕೂತು, ಇದ್ದ ಪರಿಮಳವನ್ನೆಲ್ಲ ಸೀರೆಗಳಿಗೆ ಒಪ್ಪಿಸಿ, ಈಗ ಬರೀ ಹಳದಿ ಬಿಲ್ಲೆಯಾಗಿ ಉಳಿದಿದೆ. ಹೊಸ ಚಾದರಗಳು ಬರುವವರಿಗೆಂದು ಇವೆ. ಬರುವವರು ಯಾರೂ ಉಳಿಯುವುದಿಲ್ಲ, ಚಹಾ ಕುಡಿದು ಟ್ರೇನು ಹಿಡಿಯುತ್ತಾರೆ. ಮೊನ್ನೆ ವಾಶಿಯ ನಮ್ಮ ಆಫೀಸಿನಲ್ಲಿ ರಜೆಗಳನ್ನು ನೋಡಿಕೊಳ್ಳುವ ಹುಡುಗಿ ನನ್ನ ಮೇಜಿನ ಹತ್ತಿರ ಬಂದು, ನಿಮ್ಮ ರಜೆಗಳೆಲ್ಲ ಮಾರ್ಚ್ ದಾಟಿದರೆ ಹಾಗೇ ಹೋಗಿಬಿಡುತ್ತವೆ, ಯಾಕೆ ಹೀಗೆ ಉಳಿಸಿಕೊಂಡಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದಳು. ಯಾವಾಗಲಾದರೂ ಬೇಕಾಗಬಹುದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಠಾಣೆಯ ಸೇತುವೆ ಹತ್ತಿ ಇಳಿದು ವಾಶಿಗೆ ಇನ್ನೊಂದು, ಸಂಜೆ ಅದೇ ದಾರಿ ತಿರುಗಾಮುರುಗಾ. ಹದಿನೈದು ವರ್ಷ ಹೀಗೆ ಓಡಾಡಿದ ಹೆಂಗಸಿಗೆ ರಜೆ ಯಾವಾಗ ಬೇಕು ಎಂಬುದು ಮುಖದ ಮೇಲೇ ಬರೆದಿರುತ್ತದೆಯೋ ಏನೋ.

ಈ ಚಟ ನನಗೆ ಅಂಟಿದ್ದು ಕಂಪ್ಯೂಟರ್ ಆಟಗಳಿಂದ. ನಗಬೇಡಿ. ಗುಂಡು ಹಾರಿಸುವ ಆಟಗಳಲ್ಲ, ಕಾರು ಓಡಿಸುವವೂ ಅಲ್ಲ. ರೋಲ್ ಪ್ಲೇಯಿಂಗ್ ಆಟಗಳೆನ್ನುತ್ತಾರೆ; ಒಬ್ಬ ನಾಯಕನ ವೇಷ ತೊಟ್ಟು, ಅವನ ಕಥೆಯನ್ನು ಹಳ್ಳಿಯಿಂದ ಹಳ್ಳಿಗೆ, ಗುಹೆಯಿಂದ ಗುಹೆಗೆ ನಾವೇ ನಡೆಸಿಕೊಂಡು ಹೋಗುವ ಆಟ. ದಪ್ಪ ಕಾದಂಬರಿಯ ಹಾಗೆ ತಿಂಗಳುಗಟ್ಟಲೆ ನಡೆಯುತ್ತದೆ. ದಾರಿಯಲ್ಲಿ ಔಷಧದ ಕುಪ್ಪಿಗಳು ಸಿಗುತ್ತವೆ. ಸಾಧಾರಣ ಔಷಧ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಸಾಯುವವರನ್ನು ಒಂದೇ ಗುಟುಕಿಗೆ ಎಬ್ಬಿಸುವ ಅಮೃತದ ಕುಪ್ಪಿ ಇಡೀ ಆಟದಲ್ಲಿ ಹತ್ತೋ ಹನ್ನೆರಡೋ. ಅದನ್ನು ಬಳಸಲು ನನಗೆ ಕೈ ಬರುತ್ತಿರಲಿಲ್ಲ. ಮುಂದೆ ಇದಕ್ಕಿಂತ ದೊಡ್ಡ ರಾಕ್ಷಸ ಬಂದರೆ ಎಂದು ಉಳಿಸುತ್ತಿದ್ದೆ. ನನ್ನ ನಾಯಕರೆಲ್ಲ ಚೀಲದ ತುಂಬ ಅಮೃತ ಇಟ್ಟುಕೊಂಡೇ ಸತ್ತಿದ್ದಾರೆ. ಕೆಲವರು ಅಮೃತ ಇಟ್ಟುಕೊಂಡೇ ಗೆದ್ದಿದ್ದಾರೆ, ಅದೂ ಒಂದು ಬಗೆಯ ನಷ್ಟವೇ.

ಈ ನಾಯಕರ ಜೀವನ ನಿಮಗೆ ಗೊತ್ತಿಲ್ಲದಿದ್ದರೆ ಸ್ವಲ್ಪ ಹೇಳುತ್ತೇನೆ. ಮೊದಲ ಅರ್ಧ ಗಂಟೆಯಲ್ಲಿ ಅವರ ಊರು ಸುಟ್ಟುಹೋಗುತ್ತದೆ. ಊರು ಸುಡದಿದ್ದರೆ ನೆನಪು ಹೋಗಿರುತ್ತದೆ. ಅಪ್ಪ ಇರುವುದಿಲ್ಲ, ಇದ್ದರೆ ಅವನೇ ಕೊನೆಯ ಶತ್ರು. ಕೂದಲು ಮಾತ್ರ ಯಾವ ಬೆಂಕಿಗೂ ಕೆಡುವುದಿಲ್ಲ. ಅವರು ಗೆಲ್ಲುತ್ತ ಗೆಲ್ಲುತ್ತ ಹೋಗುತ್ತಾರೆ; ಇಲಿಗಳನ್ನು ಗೆಲ್ಲುತ್ತಾರೆ, ಬಾವಲಿಗಳನ್ನು ಗೆಲ್ಲುತ್ತಾರೆ, ಗೆದ್ದಾಗಲೆಲ್ಲ ಒಂದು ತುತ್ತೂರಿ ಊದುತ್ತದೆ. ಆದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಅವರು ಏನಾದರೂ ಕಳೆದುಕೊಳ್ಳಲೇಬೇಕು. ಗೆಲುವಿಗೆ ತುತ್ತೂರಿ, ಸೋಲಿಗೆ ಕಥೆ. ಯಾರು ಈ ಕಾನೂನು ಮಾಡಿದರೋ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ನಾನು ಆಡುತ್ತಿದ್ದರೆ ಅವ್ವ ಹಿಂದೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು, ಮನೆಯಲ್ಲಿ ನಾವಿಬ್ಬರೇ. ಒಮ್ಮೆ ಆಟದಲ್ಲಿ ಊರು ಧಗಧಗ ಉರಿಯುವುದನ್ನು ನೋಡಿ ಮೊರ ಕೆಳಗಿಟ್ಟು, ಯಾರ ಮನಿ ಸುಟ್ಟದ ಅಂತ ಗಾಬರಿಯಿಂದ ಕೇಳಿದ್ದಳು. ನಾಯಕನದ್ದು ಎಂದೆ. ಬೆಂಕಿ ಆರಿಸದೆ ಓಡುತ್ತಿರುವ ನಾಯಕನನ್ನು ಅವಳು ಮೆಚ್ಚಲಿಲ್ಲ.

ಅವ್ವ ಡೊಂಬಿವಲಿಯ ಒಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಧಾರವಾಡದಿಂದ ಮದುವೆಯಾಗಿ ಬಂದವಳು ಅಪ್ಪನ ಜೊತೆ ಸಂಸಾರ ಹೂಡಿದ ಮರುವರ್ಷವೇ ಆ ಶಾಲೆಗೆ ಸೇರಿದ್ದಳು. ಶಾಲೆಯೆಂದರೆ ಕನ್ನಡಿಗರ ಒಂದು ಸಂಘದ ಕಟ್ಟಡದ ಮೇಲಿನ ನಾಲ್ಕು ಕೋಣೆಗಳು. ಹೋಟೆಲಿನವರ ಮಕ್ಕಳು, ಕಾರಖಾನೆಗಳಲ್ಲಿ ದುಡಿಯುವ ಬಾಗಲಕೋಟೆ, ಕಲಬುರಗಿ ಕಡೆಯವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಕುಲಕರ್ಣಿ ಅಕ್ಕೋರು. ಒಂದು ಕಾಲದಲ್ಲಿ ಬೆಂಚು ಸಾಲದೆ ಮಕ್ಕಳು ಕಿಟಕಿಯ ಕಟ್ಟೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದರಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬೆಂಚುಗಳೇ ಹೆಚ್ಚಾಗಿ, ಕೆಲವನ್ನು ಗೋಡೆಗೆ ಸರಿಸಿ ಒಂದರ ಮೇಲೊಂದು ಪೇರಿಸಿದ್ದರು. ಎಲ್ಲರಿಗೂ ಇಂಗ್ಲಿಷ್ ಬೇಕಿತ್ತು. ಅದಕ್ಕೇ ಪ್ರತಿ ಮೇ ತಿಂಗಳಲ್ಲಿ ಅವ್ವ ಮತ್ತು ವನಜಾ ಟೀಚರ್ ಕೊಡೆ ಹಿಡಿದು ಮನೆಮನೆಗೆ ಹೊರಡುತ್ತಿದ್ದರು, ಒಂದನೇ ತರಗತಿಗೆ ಮಕ್ಕಳನ್ನು ಹುಡುಕಲು. ವನಜಾ ಟೀಚರ್ ಉಡುಪಿ ಕಡೆಯವರು, ಟಿಟ್ವಾಳಾದಲ್ಲಿ ಮನೆ. ಕಲ್ಯಾಣದಾಚೆಯ ಆ ಊರಿನಲ್ಲಿ ಆಗಿನ್ನೂ ಕೈಗೆಟಕುವ ಫ್ಲ್ಯಾಟುಗಳಿದ್ದವು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಆ ಮೇ ತಿಂಗಳ ಮೊದಲ ವಾರ, ಹಾಗೆ ಮಕ್ಕಳನ್ನು ಹುಡುಕಿಕೊಂಡು ಹೊರಟ ಅವ್ವ ಕಲ್ಯಾಣ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಕಾಲು ಹೊರಳಿ ಬಿದ್ದಳು. ಪಾದದ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಅದೇ ವರ್ಷ ಶಾಲೆಯ ಆಡಳಿತ ಮಂಡಳಿಯವರು, ಒಂದನೇ ತರಗತಿಗೆ ಹದಿನೈದು ಮಕ್ಕಳಾದರೂ ಸಿಗದಿದ್ದರೆ ಈ ಸಲ ತರಗತಿ ತೆರೆಯುವುದಿಲ್ಲ ಎಂದುಬಿಟ್ಟಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವ್ವ ನೋವಿಗೆ ಅತ್ತಳೋ ಈ ಹದಿನೈದಕ್ಕೆ ಅತ್ತಳೋ ನನಗೆ ತಿಳಿಯಲಿಲ್ಲ. ನಾನು ಆಟೋ ಹುಡುಕಲು ಹೋಗಿಬಿಟ್ಟೆ. ಅಳುವವರ ಹತ್ತಿರ ನಿಲ್ಲುವುದು ನನಗೆ ಈಗಲೂ ಬರುವುದಿಲ್ಲ.

ಮೂರನೆಯ ದಿನ ಆಫೀಸಿನಿಂದ ಬಂದಾಗ ಅವ್ವ ಕಂಪ್ಯೂಟರ್ ಮುಂದೆ ಕೂತಿದ್ದಳು. ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ, ಮೂಗಿನ ತುದಿಯಲ್ಲಿ ಕನ್ನಡಕ, ಪಕ್ಕದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು. ನನ್ನದೇ ಆಟವನ್ನು ಮೊದಲಿಂದ ಶುರು ಮಾಡಿದ್ದಳು. ಜಪಾನಿನವರು ಬರೆದ ಕಥೆ, ಯಾರೋ ಅವಸರದಲ್ಲಿ ಮಾಡಿದ ಇಂಗ್ಲಿಷ್. ಅವ್ವ ಪ್ರತಿ ಮಾತನ್ನೂ ಜೋರಾಗಿ ಓದಿ, ಕನ್ನಡಕ್ಕೆ ತಿರುಗಿಸಿ, ವ್ಯಾಕರಣದ ತಪ್ಪಿಗೆ ಲೊಚಗುಟ್ಟಿ ಮುಂದೆ ಹೋಗುತ್ತಿದ್ದಳು. ಆಟದಲ್ಲಿ ನಾಲ್ವರು ವೀರರಿಗೆ ನಾವೇ ಹೆಸರಿಡಬಹುದು, ಇಂಗ್ಲಿಷಿನ ಎಂಟು ಅಕ್ಷರದೊಳಗೆ. ಅವಳು ತನ್ನ ಹಳೆಯ ವಿದ್ಯಾರ್ಥಿಗಳ ಹೆಸರಿಟ್ಟಿದ್ದಳು. ಕತ್ತಿಯವನು ಬಸವರಾಜ, ಒಂದು ಅಕ್ಷರ ನುಂಗಿ ಎಂಟಕ್ಕೆ ಸರಿಯಾಗಿ ಕೂರಿಸಿದ್ದಳು. ಬಿಲ್ಲಿನವಳು ಶಾರದಾ. ಮಂತ್ರ ಹಾಕುವವನು ಇಸ್ಮಾಯಿಲ್. ಔಷಧ ಕೊಟ್ಟು ಗಾಯ ಮಾಯಿಸುವವಳು ಸುಮಿತ್ರಾ. ಈ ಬಸವರಾಜ ಯಾರೆಂದು ಕೇಳಿದೆ. ನಾಲ್ಕನೇ ಇಯತ್ತೆಯ ತನಕ ಒಂದು ದಿನವೂ ತಪ್ಪಿಸಿಕೊಳ್ಳದೆ ಬಂದ ಹುಡುಗನಂತೆ, ಗಣಿತ ಮಾತ್ರ ಬರುತ್ತಿರಲಿಲ್ಲವಂತೆ. ಕತ್ತಿ ಹಿಡಿಯಲು ಗಣಿತ ಬೇಡವಲ್ಲ ಎಂಬ ಧೈರ್ಯದ ಮೇಲೆ ಅವನನ್ನು ನಾಯಕನನ್ನಾಗಿ ಮಾಡಿದ್ದಳು.

ಆಮೇಲೆ ಸಂಜೆಯ ಚಹಾದ ಜೊತೆಗೆ ನನಗೆ ದಿನದ ವರದಿ ಸಿಗತೊಡಗಿತು. ಇಸ್ಮಾಯಿಲನಿಗೆ ಹಾವು ಕಚ್ಚಿತು, ಶಾರದಾ ಚಿನ್ನದ ಬಾಣ ಗಳಿಸಿದಳು, ಮೂರನೇ ಗುಹೆಯಲ್ಲಿ ಎಡಕ್ಕೆ ಹೋಗಬಾರದು. ಅವಳ ಆಟದ ರೀತಿ ನೋಡಿ ನನ್ನ ಜೀವ ಹೋಗುತ್ತಿತ್ತು. ಯಾರಿಗಾದರೂ ಸಣ್ಣ ಗಾಯವಾದರೂ ತಕ್ಷಣ ಔಷಧ. ಬಾವಲಿ ಗೀರಿದ್ದಕ್ಕೆ ಒಂದು ಅಮೃತದ ಕುಪ್ಪಿಯನ್ನೇ ಕುಡಿಸಿದ್ದಳು. ಅವ್ವ, ಅದು ಮುಂದೆ ಬೇಕಾಗ್ತದ ಅಂದರೆ, ಗಾಯ ಈಗ ಆಗೇದಲ್ಲ ಎನ್ನುತ್ತಿದ್ದಳು.

ಅತ್ತ ವನಜಾ ಟೀಚರ್ ಒಬ್ಬರೇ ಓಡಾಡಿ ಹನ್ನೊಂದು ಮಕ್ಕಳನ್ನು ಒಪ್ಪಿಸಿದ್ದರು. ಇನ್ನು ನಾಲ್ಕು ಬೇಕಿತ್ತು. ಆ ನಾಲ್ಕೂ ಟಿಟ್ವಾಳಾದ ಒಂದೇ ಕಟ್ಟಡದಲ್ಲಿದ್ದವು. ಬಾಗಲಕೋಟೆ ಕಡೆಯ ನಾಲ್ಕು ಮನೆಯವರು, ಗಂಡಸರೆಲ್ಲ ಶಹಾಡ್ ಹತ್ತಿರದ ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಯಲ್ಲಿ ಕೆಲಸ. ಅವರಲ್ಲಿ ರೇಣುಕಾ ಎಂಬಾಕೆ ಹೇಳಿದ್ದೇ ಮಾತು. ಆಕೆ ಮಗಳನ್ನು ಕಳಿಸಿದರೆ ಉಳಿದ ಮೂರು ಮನೆಯವರೂ ಕಳಿಸುತ್ತಾರೆ. ಟ್ರೇನಿನಲ್ಲಿ ಕರೆದುಕೊಂಡು ಹೋಗಿ ಬರಲು ವನಜಾ ಟೀಚರ್ ಇದ್ದೇ ಇದ್ದರು. ಕುಲಕರ್ಣಿ ಅಕ್ಕೋರೇ ಬಂದು ಹೇಳಲಿ, ನೋಡೋಣ ಎಂದಿದ್ದಳಂತೆ ರೇಣುಕಾ. ಅಕ್ಕೋರ ಕಾಲು ಸ್ಟೂಲಿನ ಮೇಲಿತ್ತು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅವ್ವ ನನ್ನನ್ನು ಎದುರು ಕೂರಿಸಿಕೊಂಡು, ಏನು ಹೇಳಬೇಕು ಎಂದು ಪಾಠ ಮಾಡಿದಳು. ಮನೆಯ ಭಾಷೆಯಲ್ಲಿ ಕಲಿತ ಮಗು ಬೇರೆ ಭಾಷೆಯನ್ನೂ ಬೇಗ ಹಿಡಿಯುತ್ತದೆ, ಮೂರನೇ ತರಗತಿಯಿಂದ ಇಂಗ್ಲಿಷನ್ನು ಅವ್ವನೇ ಚೆನ್ನಾಗಿ ಕಲಿಸುತ್ತಾಳೆ, ಹೀಗೆ. ವಾರವೆಲ್ಲ ಟ್ರೇನಿನಲ್ಲಿ ನಿಂತು ನನ್ನ ಕಾಲು ಸತ್ತುಹೋಗಿತ್ತು. ಇರುವ ಒಂದು ಭಾನುವಾರವೂ ಹೋಯಿತಲ್ಲ ಎಂದು ಗೊಣಗುತ್ತಲೇ ಹೊರಟೆ.

ರೇಣುಕಾಳ ಮನೆ ಮೂರನೇ ಮಹಡಿ, ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಸೈಕಲ್ಲುಗಳಿದ್ದವು. ನನ್ನದೇ ವಯಸ್ಸಿನವಳು. ನನ್ನನ್ನೂ ಜೊತೆಗೆ ಬಂದಿದ್ದ ವನಜಾ ಟೀಚರನ್ನೂ ಕೂರಿಸಿ, ಚುರುಮುರಿ ಸುಸಲಾ ಕೊಟ್ಟು, ಚಹಾಕ್ಕೆ ಇಟ್ಟಳು. ಮಗಳು ಭಾಗ್ಯ, ಐದು ತುಂಬಿದ ಹುಡುಗಿ, ಬಾಗಿಲ ಹತ್ತಿರ ನಿಂತು ನಮ್ಮನ್ನು ಅಳೆಯುತ್ತಿದ್ದಳು. ಹೆಸರೇನು ಎಂದು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಟ್ಟಳು. ನಾನು ಅವ್ವ ಕಲಿಸಿದ್ದನ್ನೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ ಎಂದುಕೊಂಡಿದ್ದೇನೆ. ವನಜಾ ಟೀಚರ್ ನಡುನಡುವೆ ಹೌದೆಂದು ತಲೆಯಾಡಿಸುತ್ತಿದ್ದರು. ರೇಣುಕಾ ಒಂದೂ ಮಾತು ಬಿಡದಂತೆ ಕೇಳಿಸಿಕೊಂಡಳು. ಅವಳ ಮುಖ ನೋಡಿದರೆ ಒಪ್ಪಿಯೇಬಿಟ್ಟಳು ಅನಿಸುತ್ತಿತ್ತು. ಆಮೇಲೆ ಮೆಲ್ಲಗೆ, ಯಾವ ಕೊಂಕೂ ಇಲ್ಲದೆ ಕೇಳಿದಳು.

"ನೀವೂ ಅದ ಸಾಲ್ಯಾಗ ಕಲ್ತೀರೇನ್ರಿ ಅಕ್ಕಾರ?"

ವನಜಾ ಟೀಚರ್ ಕಿಟಕಿಯ ಕಡೆ ತಿರುಗಿದರು.

ಹೌದು ಎಂದರೆ ಮುಗಿಯುತ್ತಿತ್ತು. ಅವಳು ಯಾರನ್ನೂ ವಿಚಾರಿಸುವವಳಲ್ಲ. ನಾನು ಕಲಿತದ್ದು ಡೊಂಬಿವಲಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ, ಕೆ.ಜಿ.ಯಿಂದ ಹತ್ತನೇ ತರಗತಿಯವರೆಗೂ. ಅಪ್ಪ ಹಟ ಹಿಡಿದಿದ್ದರು, ಅವ್ವ ಒಪ್ಪಿದ್ದಳು. ಯಾರಾದರೂ ಕೇಳಿದರೆ, ನನ್ನ ಮಗಳು ನನ್ನ ತರಗತಿಯಲ್ಲಿ ಕೂತರೆ ಉಳಿದ ಮಕ್ಕಳಿಗೆ ನಾನು ಅಕ್ಕೋರಾಗುವುದು ಹೇಗೆ ಎನ್ನುತ್ತಿದ್ದಳು. ಕನ್ನಡವನ್ನು ಮನೆಯಲ್ಲಿ, ಸಂಜೆ ಹೊತ್ತು, ಪಾಟಿಯ ಮೇಲೆ ತಿದ್ದಿಸಿ ಕಲಿಸಿದ್ದಳು. ನಾನು ಅವಳ ಶಾಲೆಯ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ.

"ಇಲ್ರಿ," ಎಂದೆ. "ಇಂಗ್ಲಿಷ್ ಮೀಡಿಯಂ."

ರೇಣುಕಾ ನಗಲಿಲ್ಲ. ತಲೆಯಾಡಿಸಿ, ನನ್ನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಹಂಗಾರ ನನ್ನ ಮಗಳೂ ನಿಮ್ಹಂಗ ಆಗ್ಲಿ ಬಿಡ್ರಿ ಅಕ್ಕಾರ. ನೌಕರಿ ಮಾಡ್ತೀರಿ, ಇಷ್ಟ್ ಚಂದ ಕನ್ನಡಾನೂ ಮಾತಾಡ್ತೀರಿ."

ಹರಸಿದ ಹಾಗೆ ಹೇಳಿದಳು.

ಸ್ಟೇಷನ್ನಿನವರೆಗೆ ಬಂದ ವನಜಾ ಟೀಚರ್ ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ಮಾತಾಡಿದರು. ಟ್ರೇನು ಬರುವುದು ಕಂಡಾಗ ನನ್ನ ಭುಜ ಹಿಡಿದು ಹೇಳಿದರು, "ಅಮ್ಮನಿಗೆ ನಾನು ಹೇಳ್ತೇನೆ. ದೂರ ಆಗ್ತದೆ ಅಂತ ಬೇಡ ಅಂದ್ರು, ಅಷ್ಟೆ. ನೀನು ಏನೂ ಹೇಳ್ಲಿಕ್ಕೆ ಹೋಗ್ಬೇಡ ಆಯ್ತಾ." ನಾನು ಏನೂ ಹೇಳಲು ಹೋಗಲಿಲ್ಲ. ಅವರು ಆ ಮಧ್ಯಾಹ್ನವೇ ಫೋನ್ ಮಾಡಿದರು. ಅವ್ವ ಫೋನಿನಲ್ಲಿ ಏನೋ ಎರಡು ಸಲ ಕೇಳಿ, ಆಮೇಲೆ ಹೂಂ ಹೂಂ ಎಂದಳು, ಇಟ್ಟಮೇಲೆ ಊಟ ಆಯಿತೇ ಎಂದು ನನ್ನನ್ನು ಕೇಳಿದಳು.

ಮರುದಿನ ಅವಳು ಆಟದಲ್ಲಿ ಕಲ್ಲಿನ ಸೇತುವೆಗೆ ಬಂದು ಮುಟ್ಟಿದ್ದಳು.

ಆ ಸೇತುವೆ ನನಗೆ ಗೊತ್ತಿತ್ತು. ಇಂಥ ಆಟಗಳಲ್ಲೆಲ್ಲ ಅಂಥದೊಂದು ಜಾಗ ಬರುತ್ತದೆ. ಕಪ್ಪು ಕವಚ ತೊಟ್ಟ ಸೇನಾಪತಿಯೊಬ್ಬ ಸೇತುವೆಯ ನಡುವೆ ನಿಂತಿರುತ್ತಾನೆ. ನಾಲ್ವರೂ ಅವನ ಮೇಲೆ ಬೀಳಬೇಕು. ಬಿದ್ದರೂ ಗೆಲ್ಲುವುದು ಸಾಧ್ಯವಿಲ್ಲ. ಏಕೆಂದರೆ ಗೆಲ್ಲದಂತೆ ಆಟ ಬರೆದವರೇ ಬರೆದಿಟ್ಟಿರುತ್ತಾರೆ; ಎಷ್ಟು ಹೊಡೆದರೂ ಅವನ ಆಯುಷ್ಯ ಕಡಿಮೆಯಾಗುವುದಿಲ್ಲ. ನಾಲ್ವರೂ ನೆಲಕ್ಕೆ ಬಿದ್ದ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಅವರನ್ನು ಹೊಳೆಗೆ ತಳ್ಳುತ್ತಾರೆ, ತೇಲಿ ಇನ್ನೊಂದು ಊರು ಸೇರುತ್ತಾರೆ. ಸೋಲಲೇಬೇಕಾದ ಕಾಳಗ. ಬಲ್ಲವರು ಅಲ್ಲಿ ಒಂದು ಹನಿ ಔಷಧವನ್ನೂ ಖರ್ಚು ಮಾಡುವುದಿಲ್ಲ, ಕೈಕಟ್ಟಿ ನಿಂತು ಬೇಗ ಬೇಗ ಸಾಯುತ್ತಾರೆ. ನಾನು ಹಾಗೆಯೇ ಮಾಡಿದ್ದೆ.

ಅವ್ವನಿಗೆ ಇದು ತಿಳಿಯದು. ನಾಲ್ವರ ಜೀವ ಮುಗಿಯುತ್ತ ಬಂದಾಗ ಪೂರ್ತಿ ಬೀಳಲು ಬಿಡದೆ, ಆಟ ನಿಲ್ಲಿಸಿ, ಹಿಂದೆ ಸೇವ್ ಮಾಡಿದ ಜಾಗದಿಂದ ಮತ್ತೆ ಶುರು ಮಾಡುತ್ತಿದ್ದಳು. ಸೋಮವಾರ ಹಾಗಾಯಿತು, ಮಂಗಳವಾರ ಹಾಗಾಯಿತು. ನಾನು ಸಂಜೆ ಬರುವಷ್ಟರಲ್ಲಿ ಒಂದು ಹಾಳೆಯ ತುಂಬ ಯಾರು ಮೊದಲು ಹೊಡೆಯಬೇಕು, ಯಾವ ಸರದಿಗೆ ಯಾರು ಔಷಧ ಕುಡಿಯಬೇಕು ಎಂದು ಬರೆದಿಟ್ಟಿರುತ್ತಿದ್ದಳು, ಟೈಮ್ ಟೇಬಲಿನ ಹಾಗೆ. ಹಿಂದಿನ ಗುಹೆಗಳಿಗೆ ವಾಪಸು ಹೋಗಿ ಇಲಿ ಬಾವಲಿಗಳನ್ನು ಹೊಡೆದು ನಾಲ್ವರನ್ನೂ ಗಟ್ಟಿಗೊಳಿಸಿಕೊಂಡು ಬಂದಳು. ಬೆರಳು ನೋಯುತ್ತದೆಂದು ಎಣ್ಣೆ ಹಚ್ಚಿಕೊಂಡಳು. ನಾನು ಹೇಳಲಿಲ್ಲ. ಇಷ್ಟು ಹುಮ್ಮಸ್ಸಿನಲ್ಲಿದ್ದಾಳೆ, ಯಾಕೆ ಕೆಡಿಸಲಿ ಎಂದುಕೊಂಡೆ. ಖರೇ ಹೇಳಬೇಕೆಂದರೆ, ಟಿಟ್ವಾಳಾದ ನಂತರ ಅವಳಿಗೆ ಇನ್ನೊಂದು ಸೋಲಿನ ಸುದ್ದಿ ಹೇಳುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಅವಳು ಆಡುತ್ತಿದ್ದಳು, ನಾನು ಹಿಂದೆ ಕೂತು ಅನ್ನಕ್ಕೆ ಅಕ್ಕಿ ಆರಿಸುತ್ತಿದ್ದೆ.

ಗುರುವಾರ ಅವಳೇ ಕೇಳಿದಳು. ಕುರ್ಚಿಯಿಂದ ತಿರುಗದೆ, ಪರದೆಯನ್ನೇ ನೋಡುತ್ತ.

"ಶೈಲು, ಇದನ್ನ ಗೆಲ್ಲಲಿಕ್ಕೆ ಬರ್ತದೋ ಇಲ್ಲೋ, ಖರೇ ಹೇಳು."

"ಬರೂದಿಲ್ಲವ್ವ. ಸೋಲೂ ಹಂಗ ಬರದಾರ."

ಅವಳು ನಾಲ್ಕು ದಿನದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ಅಂಚು ಸರಿ ಮಾಡಿದಳು. ಮತ್ತೆ, ಔಷಧ ಉಳಿಸಿಕೊಂಡು ಸೋತರೂ ಖರ್ಚು ಮಾಡಿ ಸೋತರೂ ಒಂದೇ ಏನು ಎಂದು ವಿಚಾರಿಸಿದಳು. ಒಂದೇ ಎಂದೆ, ಉಳಿಸಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಅನುಭವವನ್ನೂ ಸೇರಿಸಿದೆ. ಅವಳು ಹೂಂ ಎಂದು ಮತ್ತೊಮ್ಮೆ ಸೇತುವೆಗೆ ಹೋದಳು. ಈ ಸಲ ಕೈಕಟ್ಟಿ ನಿಲ್ಲುತ್ತಾಳೆ ಎಂದುಕೊಂಡೆ. ಬಸವರಾಜ ಮೊದಲಿನಷ್ಟೇ ಜೋರಾಗಿ ಹೊಡೆದ. ಅವನಿಗೆ ಗಾಯವಾದಾಗ ಅವ್ವ ಒಂದು ಕುಪ್ಪಿ ತೆಗೆದಳು. ಶಾರದಾಳಿಗೆ ಒಂದು, ಇಸ್ಮಾಯಿಲನಿಗೆ ಒಂದು. ಉಳಿದಿದ್ದ ಅಮೃತವನ್ನೆಲ್ಲ ಒಂದೊಂದಾಗಿ ಸುರಿಯತೊಡಗಿದಳು. ನನಗೆ ತಡೆಯಲಾಗಲಿಲ್ಲ. ಸೋಲುವುದು ಗೊತ್ತಿದ್ದೂ ಯಾಕೆ ಹಾಳು ಮಾಡುತ್ತೀ ಎಂದು ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ.

"ನಮಗ ಗೊತ್ತದ," ಎಂದಳು ಅವ್ವ. "ಅವರಿಗೆ ಗೊತ್ತಿಲ್ಲಲ್ಲ."

ಕೊನೆಯ ಕುಪ್ಪಿ ಸುಮಿತ್ರಾಳಿಗೆ ಹೋಯಿತು. ಆಮೇಲೆ ಒಬ್ಬೊಬ್ಬರಾಗಿ ಬಿದ್ದರು. ಅವ್ವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹೊಳೆಯಲ್ಲಿ ತೇಲಿ ಹೋಗುವ ನಾಲ್ವರನ್ನು ನೋಡುತ್ತ ಕೂತಳು.

ಒಂದನೇ ತರಗತಿ ಆ ಜೂನ್‌ನಲ್ಲಿ ತೆರೆಯಲಿಲ್ಲ. ಹನ್ನೊಂದು ಮಕ್ಕಳ ಅಪ್ಪ ಅಮ್ಮಂದಿರಿಗೆ ಅವ್ವನೇ ಫೋನ್ ಮಾಡಿ ತಿಳಿಸಿದಳು. ಇರುವ ಮೂರು ತರಗತಿಗಳು ಮುಂದುವರಿಯುತ್ತವೆ, ವರ್ಷಕ್ಕೊಂದರಂತೆ ಮುಗಿಯುತ್ತವೆ ಎಂದು ಮಂಡಳಿಯವರು ನಿಶ್ಚಯಿಸಿದರು. ಪ್ಲಾಸ್ಟರ್ ತೆಗೆದ ಮೇಲೆ ಅವ್ವ ಕುಂಟುತ್ತ ಶಾಲೆಗೆ ಹೋಗತೊಡಗಿದಳು.

ಆಟವನ್ನೂ ಬಿಡಲಿಲ್ಲ. ಮಳೆಗಾಲದ ರವಿವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಮುಂದೆ ಒಯ್ದು, ದೀಪಾವಳಿಯ ಸುಮಾರಿಗೆ ಮುಗಿಸಿದಳು. ಕೊನೆಯ ರಾಕ್ಷಸ ಬಿದ್ದ. ಆಕಾಶ ತಿಳಿಯಾಯಿತು. ನಾಲ್ವರೂ ನಾಲ್ಕು ದಾರಿ ಹಿಡಿದು ಹೋದರು. ಬಸವರಾಜ ಸುಟ್ಟ ಊರಿಗೆ ಹಿಂತಿರುಗಿ ಒಬ್ಬನೇ ನಿಂತ. ಆಟ ಮಾಡಿದವರ ಹೆಸರುಗಳು ಕೆಳಗಿಂದ ಮೇಲೆ ಸರಿದವು, ಅವ್ವ ಅವನ್ನೂ ಓದಿದಳು. ಮರುದಿನ ಮತ್ತೆ ತೆರೆದು ನೋಡಿದರೆ ನಾಲ್ವರೂ ಕೊನೆಯ ಬಾಗಿಲಿನ ಮುಂದೆ ನಿಂತಿದ್ದರು, ರಾಕ್ಷಸ ಒಳಗೆ ಜೀವಂತ. ಏನೋ ಕೆಟ್ಟಿದೆ ಎಂದು ನನ್ನನ್ನು ಕೂಗಿದಳು. ಕೆಟ್ಟಿಲ್ಲ, ಇದು ಇರುವುದೇ ಹೀಗೆ, ಕೊನೆಯ ಸಲ ಸೇವ್ ಮಾಡಿದ್ದು ಆ ಬಾಗಿಲಿನ ಮುಂದೆ, ಅದರ ನಂತರದ್ದು ಉಳಿಯುವುದಿಲ್ಲ ಎಂದು ವಿವರಿಸಿದೆ. ಹಾಗಾದರೆ ಗೆದ್ದದ್ದನ್ನು ಎಲ್ಲಿ ಬರೆದುಕೊಳ್ಳುತ್ತಾರೆ ಎಂದು ಕೇಳಿದಳು. ಎಲ್ಲಿಯೂ ಇಲ್ಲ ಎಂದೆ. ಮೂವತ್ತು ವರ್ಷ ಫಲಿತಾಂಶದ ಪಟ್ಟಿ ಬರೆದ ಹೆಂಗಸಿಗೆ ಇದು ಸರಿ ಕಾಣಲಿಲ್ಲ. ಇದು ಮಾತ್ರ ಬಾಳ ಖರಾಬ ಪದ್ಧತಿ ಎಂದು ಕಂಪ್ಯೂಟರ್ ಮುಚ್ಚಿದಳು. ಮತ್ತೆ ಮುಟ್ಟಲಿಲ್ಲ.

ಮೂರು ವರ್ಷದ ಮೇಲೆ ಆ ಕೊನೆಯ ತರಗತಿ ನಾಲ್ಕನೆಯದನ್ನು ಮುಗಿಸಿದಾಗ ಏಳು ಮಕ್ಕಳಿದ್ದರು. ವನಜಾ ಟೀಚರ್ ಅದಕ್ಕೂ ಮೊದಲೇ ಮಂಡಿನೋವಿಗೆ ಕೆಲಸ ಬಿಟ್ಟಿದ್ದರು. ಏಪ್ರಿಲ್ ಕೊನೆಯ ಒಂದು ಶನಿವಾರ ಅವ್ವ ಏಳೂ ಮಕ್ಕಳ ಹಾಜರಿ ಕೂಗಿ, ಫಲಿತಾಂಶ ಓದಿ, ಎಲ್ಲರಿಗೂ ಪೇಡೆ ಕೊಟ್ಟು ಕಳಿಸಿದಳು. ಅವಳ ಪುಸ್ತಕಗಳನ್ನು, ಅವಳೇ ತಂದಿಟ್ಟಿದ್ದ ಬಟ್ಟೆಯ ದೊಡ್ಡ ನಕಾಶೆಯನ್ನು ಮನೆಗೆ ಒಯ್ಯಲು ನಾನು ಹೋಗಿದ್ದೆ. ಅವಳು ಹಲಗೆ ಒರೆಸಿದಳು, ಕಿಟಕಿ ಹಾಕಿದಳು, ಅತ್ತಿತ್ತ ನೋಡಿ ಇನ್ನೇನು ಎಂದಳು. ಅಳಲಿಲ್ಲ. ಬಿಸಿಲಿಗೆ ಇಬ್ಬರೂ ಬೆವೆತು ತೊಯ್ದಿದ್ದೆವು.

ಆಟೋದಲ್ಲಿ ಕಾಲ ಮೇಲೆ ಪುಸ್ತಕದ ಗಂಟು ಇಟ್ಟುಕೊಂಡು ಕೂತಾಗ ನನಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಟಿಟ್ವಾಳಾದವರು ಮಕ್ಕಳನ್ನು ಕಳಿಸದೇ ಇದ್ದದ್ದು ದೂರದ ಕಾರಣಕ್ಕಲ್ಲ, ನನ್ನ ಮಾತಿನಿಂದ ಎಂದೆ. ರೇಣುಕಾ ಕೇಳಿದ್ದು, ನಾನು ಹೇಳಿದ್ದು, ಅವಳು ಚಹಾ ಬಗ್ಗಿಸಿದ್ದು, ಎಲ್ಲವನ್ನೂ. ಅವ್ವ ರಸ್ತೆಯನ್ನು ನೋಡುತ್ತಿದ್ದಳು.

"ಗೊತ್ತದ," ಎಂದಳು. "ವನಜಾಗ ಸುಳ್ಳ ಹೇಳ್ಲಿಕ್ಕೆ ಬರೂದಿಲ್ಲ. ಅವತ್ತ ಫೋನಿನ್ಯಾಗ ಎರಡನೇ ಸರ್ತಿ ಕೇಳಿದಾಗ ಎಲ್ಲಾ ಹೇಳಿದಳು."

ಹಾಗಾದರೆ ಆ ನಾಲ್ಕು ದಿನ ಸೇತುವೆಯ ಮುಂದೆ ಕೂತಾಗ ಅವಳಿಗೆ ಗೊತ್ತಿತ್ತು. ಈ ಮೂರು ವರ್ಷ ಗೊತ್ತಿತ್ತು. ಸಿಗ್ನಲಿನಲ್ಲಿ ಆಟೋ ನಿಂತಾಗ ಅವಳು ಇನ್ನೊಂದು ವಿಷಯ ಹೇಳಿದಳು, ಅಡಿಗೆಯ ಮಾತಾಡುವ ಧಾಟಿಯಲ್ಲಿ. ಕಾಲು ವಾಸಿಯಾದ ವರ್ಷ ಶ್ರಾವಣದಿಂದ ಭಾನುವಾರ ಬೆಳಿಗ್ಗೆ ಟಿಟ್ವಾಳಾದ ಗಣಪತಿಗೆ ಹೋಗಿ ಬರುತ್ತೇನೆ ಎಂದು ಹೊರಡುತ್ತಿದ್ದಳು. ಮುರಿದ ಮೂಳೆ ಕೂಡಿದ್ದಕ್ಕೆ ಹರಕೆ ಹೊತ್ತಿರಬೇಕೆಂದು ನಾನು ನಂಬಿದ್ದೆ, ಮಲಗಿಕೊಂಡೇ ಬಾಗಿಲು ಎಳೆದುಕೊಂಡು ಹೋಗು ಎನ್ನುತ್ತಿದ್ದೆ. ಹೋಗುತ್ತಿದ್ದದ್ದು ರೇಣುಕಾಳ ಮನೆಗೆ. ಮೂರು ಮಹಡಿ ಹತ್ತಿ, ಭಾಗ್ಯಳನ್ನೂ ಆ ಕಟ್ಟಡದ ಉಳಿದ ಮೂವರನ್ನೂ ಕೂರಿಸಿಕೊಂಡು, ಎರಡು ವರ್ಷ ಕನ್ನಡದ ಅಕ್ಷರ ತಿದ್ದಿಸಿದ್ದಳು. ಅವರೆಲ್ಲ ಅಲ್ಲಿಯ ಇಂಗ್ಲಿಷ್ ಶಾಲೆಗೇ ಹೋಗುತ್ತಿದ್ದರು. ಭಾಗ್ಯ ಊರಿನಲ್ಲಿರುವ ತನ್ನ ಅಜ್ಜಿಗೆ ಕಾಗದ ಬರೆದಿದ್ದಾಳಂತೆ. ಒತ್ತಕ್ಷರ ಇನ್ನೂ ತಪ್ಪುತ್ತದಂತೆ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀ ಆ ದಿನದ ಮಾತು ತಗೀಬೇಕಾಗ್ತಿತ್ತು. ನಿನಗ ಮನಸ್ಸಿದ್ದಂಗ ಕಾಣಲಿಲ್ಲ."

ನಮ್ಮ ಕಟ್ಟಡದ ಮುಂದೆ ಇಳಿದೆವು. ಲಿಫ್ಟು ಅವತ್ತು ನಡೆಯುತ್ತಿರಲಿಲ್ಲ. ಸುತ್ತಿದ ನಕಾಶೆ ನನ್ನ ಹೆಗಲ ಮೇಲೆ, ಪುಸ್ತಕದ ಗಂಟು ಒಂದು ಕೈಯಲ್ಲಿ. ಅವ್ವ ಹಿಂದೆ, ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು. ಎರಡನೇ ಮಹಡಿಯಲ್ಲಿ ಉಸಿರು ಹಿಡಿಯಲು ನಿಂತಳು. ಮೆಟ್ಟಿಲ ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು.

"ನಿನ್ನ ಇಂಗ್ಲಿಷ್ ಸಾಲಿಗೆ ಹಾಕಿದ್ದು ತಪ್ಪಾತೇನ ಶೈಲು?"

ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು. ಇಲ್ಲ ಎನ್ನಬಹುದಿತ್ತು, ಅವಳಿಗೆ ಹಗುರವಾಗುತ್ತಿತ್ತು. ನನ್ನ ಉದ್ಯೋಗ, ನನ್ನ ಟ್ರೇನುಗಳು, ಸಂಜೆಯ ಪಾಟಿ, ನಾನೆಂದೂ ಕೂರದ ಅವಳ ಬೆಂಚು, ಎಲ್ಲವನ್ನೂ ಕೂಡಿಸಿ ಕಳೆದು ನೋಡಿದರೂ ಉತ್ತರ ಬರಲಿಲ್ಲ.

"ಗೊತ್ತಿಲ್ಲವ್ವ," ಎಂದೆ.

"ನನಗೂ ಗೊತ್ತಿಲ್ಲ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಕಾಶೆಯ ಹಿಂದಿನ ತುದಿಯನ್ನು ತಾನು ಹಿಡಿದುಕೊಂಡು, ನಡಿ ಎಂದಳು. ಉಳಿದ ಮೆಟ್ಟಿಲುಗಳನ್ನು ಇಬ್ಬರೂ ಹತ್ತಿದೆವು.